ಅಕ್ಕನಿಗೊಂದು ಮನೆ ಹುಡುಕಿದ್ದು

"ತಾತ, ದೊಡ್ಡಜ್ಜೀನ ಅಲ್ಲಿ ಬಿಟ್ಟು ಬಂದ್ಬಿಡ್ತೀಯಾ?"

ಏಳನೇ ಕ್ಲಾಸಿನ ಮೊಮ್ಮಗಳು ಇದನ್ನು ಕೇಳಿದ್ದು ಊಟದ ಹೊತ್ತಿನಲ್ಲಿ, ಎಲ್ಲರೆದುರಿಗೆ. ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಸೌಟನ್ನು ಹಾಗೇ ಹಿಡಿದು ನಿಂತಳು. ಮಗ ತಲೆ ತಗ್ಗಿಸಿದ. ಅಕ್ಕ ಮಾತ್ರ ತನ್ನ ಪಾಡಿಗೆ ತಾನು ಅನ್ನ ಕಲಸುತ್ತಿದ್ದಳು. ಆ ಮಾತು ತನ್ನ ವಿಷಯವೇ ಎಂದು ಅವಳಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಯಿತೋ ಏನೋ, ನನಗೆ ಇವತ್ತಿಗೂ ಅನುಮಾನವಿದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮದು ಮಾಗಡಿ ಕಡೆಯ ಹಳ್ಳಿ. ನನಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿದ್ದು, ಮಗ್ಗಿ ಹೇಳಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದ್ದು ಹದಿಮೂರು ವರ್ಷದ ಈ ಅಕ್ಕ. ಭಾವ ಹೋದ ಮೇಲೆ ಹನುಮಂತನಗರದ ನಮ್ಮ ಮನೆಗೆ ಬಂದಳು. ಅವಳಿಗೆ ಮಕ್ಕಳಿಲ್ಲ. ಇದ್ದ ಮಗು ನಾನೇ.

ನಾಲ್ಕು ವರ್ಷದ ಹಿಂದೆ ಹುಳಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂದು ಎಪ್ಪತ್ತಕ್ಕೆ ಶುರುವಾಯ್ತು" ಎಂದು ನಾವೆಲ್ಲ ನಕ್ಕೆವು. ನಗುತ್ತ ಒಂದು ವರ್ಷ ಕಳೆದೆವು. ಆ ಗಾದೆಯ ಮೇಲೆ ನನಗೆ ಈಗ ಸಿಟ್ಟಿದೆ. ವಯಸ್ಸಾದವರಿಗೆಲ್ಲ ಇದು ಸಹಜ ಎಂದು ನಂಬಿಸಿ, ಡಾಕ್ಟರ ಹತ್ತಿರ ಹೋಗದಂತೆ ಮಾಡುತ್ತದೆ. ಕೊನೆಗೆ ನಿಮ್ಹಾನ್ಸಿನಲ್ಲಿ ತೋರಿಸಿದಾಗ ಅವಳಿಗಿರುವುದು ಡಿಮೆನ್ಷಿಯಾ, ಅದರಲ್ಲೂ ಆಲ್ಝೈಮರ್ ಕಾಯಿಲೆ ಎಂದರು. ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ಕಾಯಿಲೆ ಇದು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗಿಂತ ಹೆಚ್ಚು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು.

ಮಕ್ಕಳೇ, ನನ್ನ ಮೊಮ್ಮಗಳು ಕೇಳಿದ್ದನ್ನು ನೀವೂ ಕೇಳಬಹುದು. ಬೆಳಿಗ್ಗೆ ತಿಂದ ಉಪ್ಪಿಟ್ಟು ಮರೆತುಹೋಗುವ ದೊಡ್ಡಜ್ಜಿಗೆ ಅರವತ್ತು ವರ್ಷದ ಹಿಂದಿನ ಜಾತ್ರೆ ಹೇಗೆ ನೆನಪಿರುತ್ತೆ? ಮಿದುಳಿನ ಒಳಗೆ ಹಿಪ್ಪೋಕ್ಯಾಂಪಸ್ ಎಂಬ ಒಂದು ಭಾಗವಿದೆ, ಸಮುದ್ರಕುದುರೆಯ ಆಕಾರದ್ದು. ಹೊಸ ಸಂಗತಿಗಳನ್ನು ನೆನಪಾಗಿ ಉಳಿಸಿಕೊಳ್ಳಲು ಅದು ಬೇಕು. ಆಲ್ಝೈಮರ್ ಮೊದಮೊದಲು ಏಟು ಹಾಕುವ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ಇವತ್ತಿನದು ಒಳಗೆ ಹೋಗುವುದೇ ಇಲ್ಲ, ಹಳೆಯದು ಬಹಳ ಕಾಲ ಉಳಿಯುತ್ತದೆ. ಕೈಗೆ ರೂಢಿಯಾದ ಕೆಲಸಗಳಂತೂ ಇನ್ನೂ ಗಟ್ಟಿ. ಇದು ಮುಂದೆ ನಮಗೆ ಉಪಯೋಗಕ್ಕೆ ಬಂತು.

ಎರಡು ವರ್ಷ ಮನೆಯಲ್ಲೇ ನೋಡಿಕೊಂಡೆವು. ಕಾರ್ತಿಕ ಮಾಸದ ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ನೋಡುತ್ತೇನೆ, ಗೇಟು ಹಾರು ಹೊಡೆದಿದೆ. ಅಕ್ಕ ಇಲ್ಲ. ಬೆಳಗಿನ ಜಾವ ಹಾಲಿನ ಬೂತಿನವನು ಅವಳನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಒಳಗೆ ಒಂದು ಸೀರೆ, ಒಂದು ತೆಂಗಿನಕಾಯಿ. "ಮಾಗಡಿ ಬಸ್ಸು ಎಷ್ಟೊತ್ತಿಗಪ್ಪಾ?" ಎಂದು ಹತ್ತು ಸಲ ಕೇಳಿದಳಂತೆ. ನೀವು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ನೋಡಿದ್ದರೆ ಅನಂತನಾಗ್ ಅವರ ಪಾತ್ರ ನೆನಪಾಗುತ್ತದೆ. ಸಿನಿಮಾದಲ್ಲಿ ನೋಡಿ ಕಣ್ಣೊರೆಸಿಕೊಂಡಿದ್ದೆ. ಮನೆಯಲ್ಲಿ ನಡೆದಾಗ ಕಣ್ಣೀರು ಬರಲಿಲ್ಲ, ಕೈಕಾಲು ನಡುಗಿತು ಅಷ್ಟೇ. ಮಾರನೇ ದಿನವೇ ನನ್ನ ಫೋನ್ ನಂಬರು ಕೆತ್ತಿಸಿದ ಒಂದು ಬಿಲ್ಲೆಯನ್ನು ಅವಳ ಸರಕ್ಕೆ ಹಾಕಿಸಿದೆ.

ಅದಾಗಿ ಮೂರು ವಾರಕ್ಕೆ ಬಚ್ಚಲಲ್ಲಿ ಅಕ್ಕ ಜಾರಿದಳು. ಹಿಡಿಯಲು ಹೋದ ನನ್ನ ಹೆಂಡತಿಯೂ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅವಳಿಗೆ 64, ನನಗೆ 69. "ನೀವಿಬ್ಬರೂ ಮಲಗಿಬಿಟ್ಟರೆ ಅವರನ್ನು ನೋಡೋರು ಯಾರು? ಡಿಮೆನ್ಷಿಯಾ ಇರೋರಿಗೆ ಅಂತಲೇ ಇರೋ ಮನೆಗಳನ್ನು ಒಂದೆರಡು ನೋಡಿ ಬನ್ನಿ" ಎಂದರು ಡಾಕ್ಟರು. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಎಷ್ಟೋ ಕಡೆ ಇಂಥವರನ್ನು ಸೇರಿಸಿಕೊಳ್ಳುವುದೇ ಇಲ್ಲ. ರಾತ್ರಿ ಎದ್ದು ಓಡಾಡುವವರನ್ನು ನೋಡಿಕೊಳ್ಳುವ ಸೌಕರ್ಯ ಅಲ್ಲಿರುವುದಿಲ್ಲ.

ಪಕ್ಕದ ಮನೆಯವರ ಕಿವಿಗೆ ವಿಷಯ ಬಿತ್ತು. "ಇರೋಳು ಒಬ್ಬಳೇ ಅಕ್ಕ, ಅವರನ್ನೂ ಆಶ್ರಮಕ್ಕೆ ಹಾಕ್ತಾರಂತೆ." ಹೌದು, ಆ ಮಾತು ಚುಚ್ಚಿತು. ಆದರೆ ಮೊಮ್ಮಗಳ ಪ್ರಶ್ನೆ ಅದಕ್ಕಿಂತ ಹೆಚ್ಚು ಚುಚ್ಚಿತ್ತು. ಅದಕ್ಕೇ ಅವಳಿಗೆ ಹೇಳಿದೆ, "ಬಿಟ್ಟು ಬರೋ ಜಾಗ ಹೆಂಗಿದೆ ಅಂತ ನೀನೂ ಬಂದು ನೋಡು. ನಿಂಗೆ ಒಪ್ಪಿಗೆ ಆಗದೇ ಇದ್ರೆ ಬೇಡ." ಅವಳು ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಹರಿದು ಹೊಲಿದು ಒಂದು ಪುಸ್ತಕ ಮಾಡಿಕೊಂಡು ಬಂದಳು.

ಮೊದಲ ಮನೆ ಕಣ್ಣಿಗೆ ಹಬ್ಬ. ಬಾಗಿಲಲ್ಲಿ ಗಣಪತಿ, ಒಳಗೆ ಕನ್ನಡಿಯಂತೆ ಹೊಳೆಯುವ ನೆಲ, ಎ.ಸಿ., ದೊಡ್ಡ ಟಿ.ವಿ.ಯಲ್ಲಿ ಭಜನೆ. ಮ್ಯಾನೇಜರು ಕಾಫಿ ತರಿಸಿ, ಮೆನು ಕಾರ್ಡು ತೋರಿಸಿ, ಯೋಗ, ಸಂಗೀತ, ಫಿಸಿಯೋಥೆರಪಿ ಎಂದೆಲ್ಲ ಹೇಳಿದರು. ನನಗೆ ಅರ್ಧ ಮನಸ್ಸಾಗಿಯೇ ಹೋಗಿತ್ತು. ಆಟೋದಲ್ಲಿ ಬರುವಾಗ ಮೊಮ್ಮಗಳು ತನ್ನ ಪುಸ್ತಕ ತೋರಿಸಿದಳು. ಒಂದೇ ಸಾಲು ಬರೆದಿದ್ದಳು: "ಬೆಳಿಗ್ಗೆ 11 ಗಂಟೆಗೆ ಎಲ್ಲರೂ ಕುರ್ಚಿಯಲ್ಲೇ ನಿದ್ದೆ. ಯಾಕೆ?"

ಹೌದಲ್ಲ! ಭಜನೆ ಹಾಡುತ್ತಿದ್ದದ್ದು ಟಿ.ವಿ. ಒಂದೇ. ಹನ್ನೆರಡು ಜನ ಅರ್ಧ ಚಂದ್ರಾಕಾರದಲ್ಲಿ ಕೂತು ತಲೆ ವಾಲಿಸಿಕೊಂಡಿದ್ದರು. ಡಾಕ್ಟರಿಗೆ ಹೇಳಿದಾಗ ಅವರು ಮುಖ ಗಂಭೀರ ಮಾಡಿಕೊಂಡರು. ಕೂಗಾಡುವವರನ್ನು ಸುಮ್ಮನಿರಿಸಲು ಕೊಡುವ ಕೆಲವು ಮನೋರೋಗದ ಮಾತ್ರೆಗಳು ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಪ್ರಾಣಾಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಎಲ್ಲೋ ಕೆಲವರಿಗೆ ಕೊಡಲೇಬೇಕಾಗುತ್ತದೆ. ಆದರೆ ಯಾರು ತೀರ್ಮಾನಿಸುತ್ತಾರೆ, ಮನೆಯವರಿಗೆ ತಿಳಿಸುತ್ತಾರಾ, ಎಷ್ಟು ದಿನಕ್ಕೊಮ್ಮೆ ಮತ್ತೆ ಯೋಚಿಸುತ್ತಾರೆ ಎಂದು ಕೇಳಬೇಕು. ಆ ಹನ್ನೆರಡು ಜನಕ್ಕೆ ಏನು ಕೊಟ್ಟಿದ್ದರೋ ನನಗೆ ಗೊತ್ತಿಲ್ಲ, ಯಾರ ಮೇಲೂ ದೂರಿಲ್ಲ. ನಾನು ಫೋನ್ ಮಾಡಿ ಆ ಪ್ರಶ್ನೆ ಕೇಳಿದಾಗ ಮ್ಯಾನೇಜರು, "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಎಂದರು. ಅಷ್ಟು ಸಾಕಾಯಿತು.

ಆ ಹೊಳೆಯುವ ನೆಲದ ಬಗ್ಗೆಯೂ ಡಾಕ್ಟರು ಹೇಳಿದರು. ಈ ಕಾಯಿಲೆಯಲ್ಲಿ ಕಣ್ಣು ಚೆನ್ನಾಗಿದ್ದರೂ ಕಂಡದ್ದನ್ನು ಮಿದುಳು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಇರಬಹುದು. ಮಿರಮಿರ ಹೊಳೆಯುವ ನೆಲ ನೀರಿನಂತೆ ಕಾಣಬಹುದು. ಕಪ್ಪು ಕಾಲೊರಸು ಗುಂಡಿಯಂತೆ ಕಾಣಬಹುದು. ಬಿಳಿ ತಟ್ಟೆಯಲ್ಲಿ ಬಡಿಸಿದ ಬಿಳಿ ಅನ್ನ ಕಾಣದೇ ಹೋಗಬಹುದು. ಮನೆಗೆ ಬಂದು ಅಕ್ಕನಿಗೆ ಹಸಿರು ತಟ್ಟೆಯಲ್ಲಿ ಮೊಸರನ್ನ ಹಾಕಿಕೊಟ್ಟೆವು, ಪೂರ್ತಿ ತಿಂದಳು. ನಮ್ಮ ಕೋಣೆಯ ನಿಲುವುಗನ್ನಡಿಗೂ ಒಂದು ಟವೆಲು ಹೊದಿಸಿದೆವು. "ಆ ಮುದುಕಿ ನನ್ನೇ ನೋಡ್ತಾಳೆ" ಎಂದು ಅವಳು ಯಾಕೆ ಹೆದರುತ್ತಿದ್ದಳು ಎಂಬುದು ಆಗ ಹೊಳೆಯಿತು.

ಎರಡನೇ ಜಾಗ ಬಾಡಿಗೆ ಮನೆ, ಎರಡು ಮಹಡಿ. ನಡೆಸುತ್ತಿದ್ದ ಹೆಂಗಸು ಒಳ್ಳೆಯವರು, ಕಷ್ಟಪಟ್ಟು ನಡೆಸುತ್ತಿದ್ದರು. ಆದರೆ ಬಾಗಿಲು ತೆರೆದ ಕೂಡಲೇ ಫಿನಾಯಿಲು ಮೂಗಿಗೆ ಹೊಡೆಯಿತು. ಉಚ್ಚೆಯ ವಾಸನೆ ಒಂದು ಕ್ಷಣ ಎಲ್ಲಿ ಬೇಕಾದರೂ ಬರಬಹುದು, ವಯಸ್ಸಾದವರ ಮನೆ. ಅದನ್ನು ಮುಚ್ಚಲು ದಿನವಿಡೀ ಫಿನಾಯಿಲು ಸುರಿಯಬೇಕಾಗಿದ್ದರೆ ಬಟ್ಟೆ ಬದಲಿಸುವುದು ತಡವಾಗುತ್ತಿದೆ ಎಂದು ಅರ್ಥ, ಅದು ನನ್ನ ಹೆಂಡತಿಯ ಲೆಕ್ಕ. ಅವಳ ಮೂಗು ತಪ್ಪುವುದಿಲ್ಲ.

"ರಾತ್ರಿ ಎಷ್ಟು ಜನ ಇರ್ತಾರೆ?" ಎಂದು ಕೇಳಿದೆ. ಹದಿನಾಲ್ಕು ಜನಕ್ಕೆ ಒಬ್ಬಳು ಹುಡುಗಿ. ಅಸ್ಸಾಮಿನಿಂದ ಬಂದವಳು, ಇಪ್ಪತ್ತು ವರ್ಷ ಇರಬಹುದು, ನಗುಮುಖ. ಕನ್ನಡ ಬರುವುದಿಲ್ಲ. ಇದು ಅವಳ ತಪ್ಪಲ್ಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದ ಮಕ್ಕಳು ಬಹಳ ಜನ ಇದ್ದಾರೆ, ನಮ್ಮವರು ಮಾಡದ ಸೇವೆ ಮಾಡುತ್ತಿದ್ದಾರೆ. ಆದರೆ ಈ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ಆಮೇಲೆ ಕಲಿತ ಭಾಷೆ ಮೊದಲು ಜಾರಬಹುದು, ತಾಯಿಯ ಭಾಷೆ ಹೆಚ್ಚು ಕಾಲ ನಿಲ್ಲಬಹುದು. ಅಕ್ಕನಿಗೆ ಒಂದು ಕಾಲದಲ್ಲಿ ಬರುತ್ತಿದ್ದ ಹರಕು ಹಿಂದಿ ಈಗ ಇಲ್ಲವೇ ಇಲ್ಲ. ಉಳಿದಿರುವುದು ಮಾಗಡಿ ಸೀಮೆಯ ಹಳ್ಳಿ ಕನ್ನಡ. ನಡುರಾತ್ರಿ "ಒಕ್ಕಲಮನೆ ಕಡೆ ಹೋಗಿ ಬರ್ತೀನಿ" ಎಂದರೆ ಆ ಹುಡುಗಿಗೆ ಏನು ತಿಳಿದೀತು?

ಹೊರಡುವಾಗ ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿಯ ನಡುವಿಗೆ ಒಂದು ವೇಲು ಸುತ್ತಿ ಹಿಂದೆ ಗಂಟು ಹಾಕಿದ್ದರು. "ಬೀಳ್ತಾರೆ ಅಂತ" ಎಂದರು ಆ ಹೆಂಗಸು, ಸಂಕೋಚದಿಂದ. ಮೊಮ್ಮಗಳು ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಪುಸ್ತಕದಲ್ಲಿ ಆ ಗಂಟಿನ ಚಿತ್ರ ಬರೆದಿದ್ದಳು.

ಆ ವಾರ ಅವಳ ಅಪ್ಪ ಕಂಪ್ಯೂಟರಿನಲ್ಲಿ ನೆದರ್ಲೆಂಡ್ಸಿನ ಹೋಗವೇಕ್ ಎಂಬ ಜಾಗದ ಚಿತ್ರಗಳನ್ನು ತೋರಿಸಿದ. ಡಿಮೆನ್ಷಿಯಾ ಇರುವವರಿಗೆಂದೇ 2009ರಲ್ಲಿ ಶುರುವಾದ ಪುಟ್ಟ ಹಳ್ಳಿ ಅದು. ಬೀದಿ ಇದೆ, ಅಂಗಡಿ ಇದೆ, ತೋಟ ಇದೆ. ಎಲ್ಲಿ ಬೇಕಾದರೂ ಅಡ್ಡಾಡಬಹುದು, ಕಟ್ಟಿಹಾಕುವವರಿಲ್ಲ. "ನಮ್ಮೂರಲ್ಲಿ ಯಾಕಿಲ್ಲ ತಾತ?" ಉತ್ತರ ಇರಲಿಲ್ಲ. ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೊಂದೇ ಬಂದ ಭಾಗ್ಯ.

ಮೂರನೆಯದಕ್ಕೆ ಅಕ್ಕನನ್ನೂ ಕರೆದುಕೊಂಡೇ ಹೋದೆವು, ಅದೂ ಸಂಜೆ ಐದರ ಮೇಲೆ, ಮೊದಲೇ ತಿಳಿಸದೆ. ಇದು ನನ್ನ ಹೆಂಡತಿಯ ಉಪಾಯ. ಹೊತ್ತು ಮುಳುಗುವಾಗ ಈ ಕಾಯಿಲೆಯವರಲ್ಲಿ ಬಹಳ ಜನಕ್ಕೆ ತಳಮಳ ಹೆಚ್ಚುತ್ತದೆ. "ಮನೆಗೆ ಹೋಗ್ಬೇಕು" ಶುರುವಾಗುವುದು ಆಗಲೇ. ಬೆಳಿಗ್ಗೆ ಹತ್ತಕ್ಕೆ ಯಾರ ಮನೆಯಾದರೂ ಚೆನ್ನಾಗಿಯೇ ಇರುತ್ತದೆ, ಸಂಜೆ ಆರಕ್ಕೆ ನೋಡಬೇಕು ಎಂದಿದ್ದಳು.

ಊರ ಹೊರಗಿನ ಹಳೇ ಕಟ್ಟಡ. ಸುಣ್ಣ ಉದುರಿತ್ತು. ನೆಲ ಮಾಸಲು ಕೆಂಪು ಗಾರೆ, ಜಾರುವುದಿಲ್ಲ. ಬಚ್ಚಲಲ್ಲಿ ಗೋಡೆಗೆ ಹಿಡಿಕೆಗಳು, ಬಾಗಿಲಿನ ಮೇಲೆ ಕಮೋಡಿನ ಚಿತ್ರ. ಹಿತ್ತಿಲಲ್ಲಿ ಒಂದು ಕಾಲುದಾರಿ ಮರಗಳನ್ನು ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಒಬ್ಬ ತಾತ ಅದರಲ್ಲಿ ಸುತ್ತುತ್ತಲೇ ಇದ್ದರು, ಹತ್ತು ಹೆಜ್ಜೆ ಹಿಂದೆ ಒಬ್ಬ ಹುಡುಗ ಸುಮ್ಮನೆ ನಡೆಯುತ್ತಿದ್ದ. ಮೊಮ್ಮಗಳು ಪಿಸುಗುಟ್ಟಿದಳು, "ಬಡವರ ಹೋಗವೇಕ್."

ಅವರೆಕಾಯಿ ಕಾಲ ಅದು. ಅಡುಗೆಮನೆಯ ಜಗುಲಿಯಲ್ಲಿ ಚಾಪೆ ಹಾಸಿ ನಾಲ್ಕು ಅಜ್ಜಿಯರು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಗಾಳಿಯಲ್ಲಿ ಸೊಗಡು. ಅಕ್ಕ ಬಾಗಿಲಲ್ಲೇ ನಿಂತು ಮೂಗರಳಿಸಿದಳು. ಅಲ್ಲಿಯವರೆಗೂ ನನ್ನ ತೋಳು ಬಿಡದವಳು ಕೈ ಬಿಡಿಸಿಕೊಂಡು ಹೋಗಿ, ಸೆರಗು ಸಿಕ್ಕಿಸಿ, ಚಾಪೆಯ ತುದಿಯಲ್ಲಿ ಕೂತುಬಿಟ್ಟಳು. ಕೈ ಹಾಕಿದಳು. ಹೆಬ್ಬೆರಳು, ತೋರುಬೆರಳು, ಟಪ್ ಟಪ್ ಎಂದು ಬೇಳೆ ಹಾರುತ್ತಿತ್ತು. ಅವಳ ಬೆರಳಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಾಳೆ, ಬೇಳೆಯನ್ನು ಕಸದ ಮೊರಕ್ಕೆ. ನನಗೆ ನಾಚಿಕೆಯಾಗಿ, "ಅಕ್ಕಾ, ಅದಲ್ಲ..." ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಕೆಲಸದಾಕೆ, ರಾಮನಗರದವರಂತೆ, ಕಣ್ಣಲ್ಲೇ ಬೇಡ ಎಂದರು. ಅಕ್ಕನ ಕೈ ಸ್ವಲ್ಪ ನಿಂತಾಗ ಪಾತ್ರೆಯನ್ನೂ ಮೊರವನ್ನೂ ಮೆಲ್ಲಗೆ ಅದಲು ಬದಲು ಮಾಡಿಟ್ಟರು. "ಎಷ್ಟು ಚುರುಕು ಕೈಯಮ್ಮಾ ನಿಮ್ದು, ಯಾವೂರು?" ಎಂದರು. "ಮಾಗ್ಡಿ ಕಣವ್ವ. ನಮ್ಮೂರ ಅವ್ರೇಕಾಯಿ ಅಂದ್ರೆ ಏನಂದ್ಕೊಂಡಿದ್ದೀಯ!" ಎಂದಳು ಅಕ್ಕ. ಅವಳು ಅಷ್ಟು ಉದ್ದದ ಮಾತಾಡಿ ತಿಂಗಳುಗಳೇ ಆಗಿದ್ದವು.

ಎರಡು ವರ್ಷ ಮನೆಯಲ್ಲಿ ನಾನು ದಿನಕ್ಕೆ ಎಷ್ಟು ಸಲ "ಅದಲ್ಲ ಅಕ್ಕಾ" ಎಂದಿದ್ದೆನೋ. ಆ ಜಗುಲಿಯ ಮೇಲೆ ನಿಂತು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಮೇಲ್ವಿಚಾರಕಿ ನಮ್ಮನ್ನು ಕೂರಿಸಿದರು. ಬೇರೆ ಕಡೆ ನಾವು ಪ್ರಶ್ನೆ ಕೇಳಿದ್ದೆವು, ಇಲ್ಲಿ ಅವರು ಶುರು ಮಾಡಿದರು. ಚಿಕ್ಕವರಿದ್ದಾಗ ಏನಂತ ಕರೀತಿದ್ರು? ಕಾಫಿ ಎಷ್ಟು ಗಂಟೆಗೆ, ಲೋಟದಲ್ಲೋ ಬಟ್ಟಲಲ್ಲೋ? ಸ್ನಾನಕ್ಕೆ ಬಿಸಿನೀರು ಮೊದಲು ಕಾಲಿಗೋ ತಲೆಗೋ? ಯಾವುದಕ್ಕೆ ಹೆದರ್ತಾರೆ? ಯಾರ ಹೆಸರು ಹೇಳಿದ್ರೆ ಸಮಾಧಾನ? ಎರಡು ಪುಟ ತುಂಬಿತು. ಕೊನೆಯ ಪ್ರಶ್ನೆಗೆ ನಾನು ಸುಮ್ಮನಾದೆ. ಹೆಂಡತಿ ನನ್ನ ಹೆಸರು ಬರೆಸಿದಳು.

ಹುಳುಕೂ ಇದ್ದವು. ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಡಾಕ್ಟರು ವಾರಕ್ಕೆ ಮೂರೇ ದಿನ ಬರುತ್ತಾರೆ. ರಾತ್ರಿ ಹದಿನೆಂಟು ಜನಕ್ಕೆ ಮೂವರು. ಇನ್ನೊಬ್ಬರಿದ್ದರೆ ಚೆನ್ನಾಗಿತ್ತು ಎಂದು ಅವರೇ ಒಪ್ಪಿಕೊಂಡರು. "ಮುಂದೆ ಟ್ಯೂಬಲ್ಲಿ ಊಟ ಕೊಡೋ ಸ್ಥಿತಿ ಬಂದ್ರೆ ನಮ್ಮ ಕೈಲಿ ಆಗಲ್ಲ ಸಾರ್, ಈಗಲೇ ಹೇಳ್ಬಿಡ್ತೀನಿ" ಎಂದೂ ಹೇಳಿದರು. ಎಲ್ಲ ಆಗುತ್ತೆ ಎಂದವರಿಗಿಂತ ಇದು ಆಗಲ್ಲ ಎಂದವರ ಮೇಲೆ ನನಗೆ ನಂಬಿಕೆ ಬಂತು.

ಕರಾರು ಪತ್ರವನ್ನು ಮನೆಗೆ ತಂದು ಮಗನ ಜೊತೆ ಕೂತು ಸಾಲುಸಾಲು ಓದಿದೆ. ಠೇವಣಿ ವಾಪಸು ಬರುತ್ತದಾ, ಡೈಪರು, ಔಷಧ, ಆಂಬುಲೆನ್ಸು ತಿಂಗಳ ಹಣದಲ್ಲಿ ಸೇರಿದೆಯಾ, ಆಸ್ಪತ್ರೆಗೆ ಹಾಕಿದರೆ ಪಕ್ಕದಲ್ಲಿ ಯಾರು ಇರುತ್ತಾರೆ, ನಾವು ಯಾವಾಗ ಬೇಕಾದರೂ ಹೋಗಬಹುದಾ. ಸಂಕೋಚಪಟ್ಟು ಕೇಳದೆ ಬಿಟ್ಟದ್ದೇ ಆಮೇಲೆ ಜಗಳವಾಗುವುದು ಎಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನಗೆ ಗೊತ್ತು. ತಿಂಗಳ ಹಣ ನನ್ನ ಪೆನ್ಷನ್ನನ್ನು ಬಹುಪಾಲು ನುಂಗುತ್ತದೆ, ಉಳಿದದ್ದಕ್ಕೆ ಭಾವನ ಮನೆ ಬಾಡಿಗೆ. ಇಷ್ಟು ಕೊಡಲಾಗದವರೇ ಹೆಚ್ಚು. ಅಂಥವರು ಹಗಲು ಮಾತ್ರ ನೋಡಿಕೊಳ್ಳುವ ಕೇಂದ್ರ ಹತ್ತಿರದಲ್ಲಿದೆಯಾ ವಿಚಾರಿಸಬಹುದು. ಹಿರಿಯರಿಗೆಂದೇ ಇರುವ 14567 ಸಹಾಯವಾಣಿಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಹಣವಿಲ್ಲದೆ ಫೋನ್ ಮಾಡಬಹುದು.

ಮೊದಲು ಹದಿನೈದು ದಿನಕ್ಕೆ ಮಾತ್ರ ಬಿಟ್ಟೆವು, ನೋಡೋಣ ಎಂದು. ಅವಳ ಹಳೇ ಕೌದಿ, ಹಿತ್ತಾಳೆ ಲೋಟ, ಅಮ್ಮನ ಫೋಟೋ ಜೊತೆಗೆ ಹೋದವು. ಮೊದಲ ಮೂರು ಸಂಜೆ ಅತ್ತಳಂತೆ. ನನಗೆ ಫೋನಿನಲ್ಲಿ ಮುಚ್ಚಿಡದೆ ಹೇಳಿದರು. ನಾಲ್ಕನೇ ದಿನ ಊಟ ಮಾಡಿ ಮಲಗಿದಳು. ನಾನು ಮಾತ್ರ ರಾತ್ರಿ ಮೂರಕ್ಕೆ ಎದ್ದು ಗೇಟು ನೋಡಿ ಬರುತ್ತಿದ್ದೆ.

ಮೊದಲ ಭೇಟಿಗೆ ಮೊಮ್ಮಗಳೂ ಬಂದಳು. ಅವಳಿಗೆ ಮೇಲ್ವಿಚಾರಕಿ ಒಂದು ಪಾಠ ಹೇಳಿಕೊಟ್ಟಿದ್ದರು. ಮಕ್ಕಳೇ, ನಿಮಗೂ ಉಪಯೋಗಕ್ಕೆ ಬಂದೀತು. "ನಾನ್ಯಾರು ಹೇಳಿ ನೋಡೋಣ" ಅನ್ನಬಾರದು. ಗೊತ್ತಾಗದಿದ್ದರೆ ಅವರಿಗೆ ಅವಮಾನವಾಗುತ್ತದೆ, ಯಾಕೆ ಎಂಬುದು ಮರೆತರೂ ಬೇಜಾರು ಉಳಿದುಬಿಡುತ್ತದೆ. ಎದುರಿಗೆ ಕೂತು, ಕಣ್ಣು ನೋಡಿ, ನಿಮ್ಮ ಹೆಸರನ್ನು ನೀವೇ ಹೇಳಿ. ಕೈಗೆ ಏನಾದರೂ ಕೆಲಸ ಕೊಡಿ. ಮೊಮ್ಮಗಳು ಒಂದು ಸೇರು ಅವರೆಕಾಯಿ ತಂದಿದ್ದಳು.

ಇಬ್ಬರೂ ಚಾಪೆಯ ಮೇಲೆ ಕೂತು ಸುಲಿಯುತ್ತಿದ್ದರು. ನಾನು ಕಂಬಕ್ಕೊರಗಿ ನಿಂತಿದ್ದೆ. ಅಕ್ಕ ತಲೆಯೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು.

"ನಿಂತೇ ಇದ್ದೀಯಲ್ಲಪ್ಪಾ. ಯಾರ ಮನೆಯೋನು ನೀನು?"

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು, "ಮಾಗಡಿ ಕಡೆಯೋನು" ಎಂದೆ.

"ಹಂಗಾದ್ರೆ ನಮ್ಮೋನೇ. ಬಾ, ಊಟ ಮಾಡ್ಕೊಂಡು ಹೋಗೀವಂತೆ" ಎಂದು ಅಕ್ಕ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.